ಮೂರು ಜೋಡಿ ವೈಪರ್

ಆ ಒಂದು ಮಳೆಗಾಲದಲ್ಲಿ ನಾನು ನಮ್ಮ ಕಾರಿಗೆ ಮೂರು ಸಲ ವೈಪರ್ ಬ್ಲೇಡು ಬದಲಾಯಿಸಿದೆ. ಒಂದು ಸಲ ಸಾಕಾಗಿತ್ತು. ಅದೇ ವರ್ಷ ದೀಪಾವಳಿ ಮುಗಿದ ಕೂಡಲೇ ಅಪ್ಪ ಕಾರು ಓಡಿಸುವುದನ್ನು ಬಿಟ್ಟ. ಬಿಡಿಸಿದವನು ನಾನು. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ತಡಮಾಡಿದ್ದಕ್ಕೆ ಇದೆ. ಎಷ್ಟು ತಡಮಾಡಿದೆ ಎಂಬುದು ನನ್ನ ವಹಿಯಲ್ಲಿ ದಿನದ ಲೆಕ್ಕದಲ್ಲಿ ಇದೆ.

ಮುಂಬಯಿ ರಾಜ್ಯ ಹೋಗಿ ನಾವು ಮೈಸೂರು ರಾಜ್ಯದವರಾಗಿ ಎರಡು ವರ್ಷವಾಗಿತ್ತು. ನಾನು ಮ್ಯಾಟ್ರಿಕ್ ಮುಗಿಸಿ ಗೋಕಾಕದ ಮನೆಯಲ್ಲೇ ಇದ್ದೆ. ಎಲ್ಲಿಯಾದರೂ ಗುಮಾಸ್ತನ ಕೆಲಸ ಸಿಗುವವರೆಗೆ ಅಪ್ಪನ ಕಾರು ತೊಳೆಯುವುದು, ನೀರು ಹಾಕುವುದು, ಗಾಳಿ ನೋಡುವುದು ನನ್ನ ಪಾಲಿನ ಕೆಲಸ. ಕರಿ ಬಣ್ಣದ ಹಳೆ ಕಾರು ಅದು. ಅಪ್ಪ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ಮೂಡಲಗಿಗೆ, ಹುಕ್ಕೇರಿಗೆ, ನಡುವಿನ ಕಲ್ಲೋಳಿ, ಕೊಣ್ಣೂರಿಗೆ. ಈ ಸುತ್ತಿನ ಎಷ್ಟೋ ಹೆಣ್ಣುಮಕ್ಕಳು ಗಂಡನ ಮನೆಗೆ ಹೋದದ್ದು, ಹೆರಿಗೆಗೆ ತವರಿಗೆ ಬಂದದ್ದು ಅಪ್ಪನ ಕಾರಿನಲ್ಲಿ. ಅಂಥ ಮನೆಗಳ ಮುಂದೆ ಹಾಯುವಾಗ ಅಪ್ಪ ಹಾರ್ನು ಒಂದು ಸಲ ಮೆಲ್ಲಗೆ ಒತ್ತುತ್ತಿದ್ದ. ಒಳಗಿನಿಂದ ಯಾರಾದರೂ ಹೊರಗೆ ಬಂದು ಕೈ ಮಾಡುತ್ತಿದ್ದರು. ಅಪ್ಪನಿಗೆ ಅದಕ್ಕಿಂತ ಹೆಚ್ಚಿನ ಸುಖ ಬೇರೆ ಇರಲಿಲ್ಲ ಎಂದು ಈಗ ಅನಿಸುತ್ತದೆ.

ಅಪ್ಪನದು ಒಂದು ನಿಯಮವಿತ್ತು. ನಾವು ಜೈನರು. ಹೊತ್ತು ಮುಳುಗುವ ಮುಂಚೆ ಊಟವಾಗಬೇಕು. ಆದ್ದರಿಂದ ಹೊತ್ತು ಮುಳುಗುವ ಮುಂಚೆ ಕಾರು ಮನೆಗೆ ಬರಬೇಕು. ಯಾರು ಎಷ್ಟು ಒತ್ತಾಯಿಸಿದರೂ ಕತ್ತಲೆಯ ಬಾಡಿಗೆ ಒಪ್ಪುತ್ತಿರಲಿಲ್ಲ. ಮೂಡಲಗಿಯ ಒಬ್ಬ ವಯಸ್ಸಾದ ಬಟ್ಟೆ ವ್ಯಾಪಾರಿ ಹುಕ್ಕೇರಿಗೆ ಕೊಟ್ಟ ಮಗಳನ್ನು ನೋಡಲು ಹದಿನೈದು ದಿನಕ್ಕೊಮ್ಮೆ ನಮ್ಮ ಕಾರಿನಲ್ಲೇ ಹೋಗುತ್ತಿದ್ದರು. ಅವರು ಅಪ್ಪನನ್ನು ಕಾಡಿಸುತ್ತಿದ್ದರು.

"ತಮ್ಮಾ, ನಿಂದು ಕಾರಲ್ಲೋ, ಕೋಳಿ. ಹೊತ್ತ ಮುಳಗಿತಂದ್ರ ಗೂಡ ಸೇರತೈತಿ."

"ಹೌದ್ರಿ ಕಾಕಾ," ಎನ್ನುತ್ತಿದ್ದ ಅಪ್ಪ. "ಆದ್ರ ಮುಂಜಾನೆದ್ದು ಕೂಗೂದಿಲ್ಲ ನೋಡ್ರಿ. ಅಷ್ಟ ಫರಕ."

ನಾನು ಎಲ್ಲವನ್ನೂ ಬರೆದಿಡುವವನು. ಸಾಲೆಯಲ್ಲಿ ಒಬ್ಬ ಮಾಸ್ತರರು ಹಚ್ಚಿದ ಚಟ ಅದು. ವಹಿಯಲ್ಲಿ ದಿನಕ್ಕೊಂದು ಸಾಲು, ಗೆರೆ ಹೊಡೆದ ಕಾಲಮ್ಮುಗಳು: ತಾರೀಖು, ಹೋದ ಊರು, ಮಳೆ ಇತ್ತೋ ಇಲ್ಲವೋ, ಕಾರು ಮನೆಗೆ ಬಂದ ಹೊತ್ತು, ಕಾರಿನ ತಕರಾರು. ಕೊನೆಯ ಕಾಲಮ್ಮಿನಲ್ಲಿ ಅಪ್ಪ ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೆ. ಅಪ್ಪನಿಗೆ ಓದು ಅಷ್ಟಕ್ಕಷ್ಟೆ. ಆದರೂ ತಿಂಗಳ ಕೊನೆಗೆ ಓದಿಸಿ ಕೇಳುತ್ತಿದ್ದ. "ನಮ್ಮ ಮನ್ಯಾಗೂ ಒಬ್ಬ ಕುಲಕರ್ಣಿ ಹುಟ್ಟ್ಯಾನ" ಎಂದು ಬಂದವರ ಮುಂದೆ ಹೇಳಿ ನಗುತ್ತಿದ್ದ.

ಜೂನ್ ಒಂಬತ್ತರಂದು ಕೊನೆಯ ಕಾಲಮ್ಮಿನಲ್ಲಿ ಹೀಗಿದೆ: "ಗಾಜು ಮಬ್ಬು. ವೈಪರ್ ಒರೆಸುತ್ತಿಲ್ಲ."

ಅದು ಖರೆಯೇ ಇತ್ತು. ಬೇಸಿಗೆಯ ಬಿಸಿಲಿಗೆ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ಬೆಳಗಾವಿಯಿಂದ ಬಸ್ಸಿನ ಕಂಡಕ್ಟರ ಕೈಲಿ ಹೊಸ ಜೋಡಿ ತರಿಸಿ, ಅಂಗಳದ ಬೇವಿನ ಮರದ ಕೆಳಗೆ ಅಪ್ಪ ನನಗೆ ಕೆಲಸ ಕಲಿಸಿದ. ಮೊದಲು ವೈಪರಿನ ಕಡ್ಡಿಯನ್ನು ಗಾಜಿನಿಂದ ಎತ್ತಿ ನಿಲ್ಲಿಸಬೇಕು. ಅದರ ಬುಡದಲ್ಲಿ ಸ್ಪ್ರಿಂಗ್ ಇದೆ, ಕೈ ಜಾರಿದರೆ ಕಡ್ಡಿ ಬಂದು ಗಾಜಿಗೆ ಬಡಿಯುತ್ತದೆ. ಆದ್ದರಿಂದ ಗಾಜಿನ ಮೇಲೆ ಮಡಿಸಿದ ಗೋಣಿಚೀಲ ಹಾಸಬೇಕು. ಬ್ಲೇಡು ಕಡ್ಡಿಗೆ ಸೇರುವಲ್ಲಿ ಒಂದು ಸಣ್ಣ ತಗಡಿನ ನಾಲಿಗೆ. ಅದನ್ನು ಉಗುರಿನಿಂದ ಒತ್ತಿ ಹಿಡಿದು ಬ್ಲೇಡನ್ನು ಕೆಳಗೆ ಜಗ್ಗಿದರೆ ಕಳಚಿಕೊಳ್ಳುತ್ತದೆ. ಹೊಸದನ್ನು ಅದೇ ದಾರಿಯಲ್ಲಿ ಮೇಲಕ್ಕೆ ತಳ್ಳಬೇಕು. 'ಟಕ್' ಅನ್ನಬೇಕು. ಅನ್ನದಿದ್ದರೆ ಕೂತಿಲ್ಲ ಎಂದರ್ಥ.

"ಕಣ್ಣಿಲೆ ನೋಡಬ್ಯಾಡ, ಕಿವಿಲೆ ಕೇಳು," ಎಂದ ಅಪ್ಪ. "ಗಾಡಿ ತನ್ನ ಬ್ಯಾನಿ ತಾನ ಹೇಳತೈತಿ."

ಆಮೇಲೆ ಗಾಜಿನ ಮೇಲೆ ನೀರು ಚೆಲ್ಲಿ ವೈಪರ್ ಹಾಕಿದ. ಹೊಸ ರಬ್ಬರ್ ಸದ್ದಿಲ್ಲದೆ ಹೋಗಿ ಬಂತು. ಕಳಚಿದ ಹಳೆ ಜೋಡಿಯನ್ನು ಒಗೆಯಬಾರದೆಂದು ಪಡಸಾಲೆಯ ಮೊಳೆಗೆ ತೂಗುಹಾಕಿದೆವು. ತಗಡು ಯಾವುದಕ್ಕಾದರೂ ಬರುತ್ತದೆ ಎಂದು.

ಜುಲೈ ಏಳರಂದು ಮತ್ತೆ ಅದೇ ಮಾತು: "ಗಾಜು ಮಬ್ಬು." ಜುಲೈ ಹದಿಮೂರಕ್ಕೆ, ಹದಿನೆಂಟಕ್ಕೆ. ಈ ಸಲದ ರಬ್ಬರ್ ಸರಿ ಇಲ್ಲವೆಂದು ಅಪ್ಪ ಅಂದ, ನಾನೂ ನಂಬಿದೆ. ಎರಡನೆಯ ಜೋಡಿ ತರಿಸಿದೆವು. ಜುಲೈ ಇಪ್ಪತ್ತಮೂರಕ್ಕೆ ನಾನೇ ಹಾಕಿದೆ. ಎರಡೂ ಕಡೆ ಟಕ್ ಅಂದವು. ಆಗಸ್ಟ್ ಮೊದಲ ವಾರದಲ್ಲಿ ಮತ್ತೆ "ಗಾಜು ಮಬ್ಬು." ಮೂರನೆಯ ಜೋಡಿ ಬಂತು. ಗಾಜಿನದೇ ದೋಷವಿರಬಹುದೆಂದು ನಾನು ಒದ್ದೆ ಮಾಡಿದ ಹಳೆ ಪೇಪರಿನಿಂದ ಒಳಗೂ ಹೊರಗೂ ತಿಕ್ಕಿದೆ. ಗಾಜಿನ ಆಚೆ ಬೇವಿನ ಎಲೆಯ ಅಂಚಿನ ಹಲ್ಲು ಕೂಡ ನನಗೆ ಕಾಣುತ್ತಿತ್ತು.

ಆ ತಿಂಗಳುಗಳಲ್ಲಿ ಅವ್ವನಿಗೆ ಮಾತ್ರ ಬಹಳ ಸಂತೋಷ. ಚಾತುರ್ಮಾಸ ಹಿಡಿದಿತ್ತು. ಮೊದಲೆಲ್ಲ ಅಪ್ಪ ಊಟಕ್ಕೆ ಇನ್ನೇನು ಹೊತ್ತು ಮೀರುತ್ತದೆ ಅನ್ನುವಾಗ ಓಡಿ ಬರುತ್ತಿದ್ದವನು. ಅವ್ವ ಬಾಗಿಲಲ್ಲಿ ನಿಂತು ಪಶ್ಚಿಮದ ಕಡೆ ಒಂದು ಕಣ್ಣು, ರಸ್ತೆಯ ಕಡೆ ಒಂದು ಕಣ್ಣು ಇಟ್ಟಿರುತ್ತಿದ್ದಳು. ಈ ವರ್ಷ ಬಿಸಿಲು ಇನ್ನೂ ಗೋಡೆಯ ಮೇಲಿರುವಾಗಲೇ ಕಾರು ಅಂಗಳಕ್ಕೆ ಬರತೊಡಗಿತು. ಅಪ್ಪ ಕೈಕಾಲು ತೊಳೆದು ಸಾವಕಾಶ ಕೂತು ಉಣ್ಣುತ್ತಿದ್ದ. ದೂರದ ಬಾಡಿಗೆ ಬಂದರೆ ಬೇಡ ಎನ್ನುತ್ತಿದ್ದ.

"ಈ ಸಲ ಇವರಿಗೆ ಧರ್ಮ ತಲಿಗೆ ಹತ್ತೇತಿ," ಎಂದು ಅವ್ವ ಬಸದಿಯಲ್ಲಿ ಹೆಂಗಸರ ಮುಂದೆ ಹೇಳಿಕೊಂಡಳು. "ನಾ ಒಂದ ಮಾತ ಹೇಳಿಲ್ಲ ನೋಡವಾ. ತಾವ ತಿಳಕೊಂಡ ಬರಾಕತ್ತಾರ."

ಕಾರು ಬಂದ ಹೊತ್ತನ್ನು ಗೋಡೆಯ ಗಡಿಯಾರ ನೋಡಿ ನಾನು ಬರೆಯುತ್ತಲೇ ಇದ್ದೆ. ಜೂನಿನಲ್ಲಿ ಆರು, ಆರೂಕಾಲು. ಜುಲೈಯಲ್ಲಿ ಐದೂವರೆ. ಆಗಸ್ಟಿನಲ್ಲಿ ಐದು. ಬರೆದೆ, ಅಷ್ಟೆ. ಒಂದು ಕಾಲಮ್ಮನ್ನು ಇನ್ನೊಂದು ಕಾಲಮ್ಮಿನ ಪಕ್ಕ ಇಟ್ಟು ಓದುವುದು ನನಗೆ ತಿಳಿಯಲಿಲ್ಲ.

ಓದಿದ್ದು ಆಗಸ್ಟ್ ಹದಿನೆಂಟಕ್ಕೆ. ಮೂರು ಜೋಡಿ ಏಕೆ ಹಾಳಾದವು ಎಂದು ಬೆಳಗಾವಿಯ ಅಂಗಡಿಯವನಿಗೆ ಒಂದು ಕಾಗದ ಬರೆಯಬೇಕೆಂದುಕೊಂಡು, ಮಳೆ ಇದ್ದ ದಿನ ಎಷ್ಟು, ಗಾಜು ಮಬ್ಬು ಅಂದ ದಿನ ಎಷ್ಟು ಎಂದು ಎಣಿಸಲು ಕೂತೆ. ಮೂಡಲಗಿಯ ಕಡೆ ಮಳೆ ಮೊದಲೇ ಕಡಿಮೆ. ಆ ತಿಂಗಳು ಹನಿಯೂ ಬಿದ್ದಿರಲಿಲ್ಲ. ಮೂಡಲಗಿಗೆ ಹೋದ ಒಂಬತ್ತು ದಿನಗಳಲ್ಲಿ ಏಳು ದಿನ ಅಪ್ಪ "ಗಾಜು ಮಬ್ಬು" ಅಂದಿದ್ದ. ವೈಪರ್ ಹಾಕುವ ಪ್ರಸಂಗವೇ ಬಾರದ ದಿನಗಳು ಅವು.

ನನ್ನ ಕೈ ಅಲ್ಲಿಗೇ ನಿಂತಿತು. ಆದರೂ ಖಾತ್ರಿ ಮಾಡಿಕೊಳ್ಳದೆ ನಂಬುವವನಲ್ಲ ನಾನು. ಮರುದಿನ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಮೂರನೆಯ ಜೋಡಿಯನ್ನು ಕಳಚಿ, ಮೊಳೆಗೆ ತೂಗುಹಾಕಿದ್ದ ಎಲ್ಲಕ್ಕಿಂತ ಹಳೆಯ ಜೋಡಿಯನ್ನು ಹಾಕಿದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಆ ಜೋಡಿಯನ್ನೇ. ಅಪ್ಪನಿಗೆ ಹೇಳಲಿಲ್ಲ.

ಅಂದು ಬಟ್ಟೆ ವ್ಯಾಪಾರಿಯ ಹುಕ್ಕೇರಿ ಪ್ರಯಾಣ. ನಾನೂ ಹೊರಟೆ. ವ್ಯಾಪಾರಿ ಮುಂದೆ ಅಪ್ಪನ ಪಕ್ಕ, ನಾನು ಹಿಂದೆ. ಘಟಪ್ರಭೆ ದಾಟಿದ ಮೇಲೆ ಮಳೆ ಹಿಡಿಯಿತು. ಅಪ್ಪ ವೈಪರ್ ಹಾಕಿದ. ಕಿರ್ರ್ ಎಂದು ಶುರುವಾಯಿತು. ಗಾಜಿನ ಮೇಲೆ ಬಾಚಣಿಕೆ ಎಳೆದ ಹಾಗೆ ನೀರಿನ ಗೆರೆಗಳು ಉಳಿದವು.

"ಏನೋ ತಮ್ಮಾ ಇದು, ರಸ್ತಾನ ಕಾಣವಲ್ದು," ಎಂದರು ವ್ಯಾಪಾರಿ. "ತಡಿ, ನನ್ನ ಚಂಚ್ಯಾಗ ತಂಬಾಕ ಐತಿ. ಇಳದು ಗಾಜಿಗೆ ತಿಕ್ಕೂಣು. ನೀರ ನಿಲ್ಲೂದಿಲ್ಲ, ಜಾರಿ ಹೋಗತೈತಿ. ಲಾರಿಯವರೆಲ್ಲಾ ಹಂಗ ಮಾಡತಾರ."

"ನಾ ತಂಬಾಕ ಮುಟ್ಟಾಂಗಿಲ್ರಿ ಕಾಕಾ."

"ನೀ ಮುಟ್ಟಬ್ಯಾಡ ಮಾರಾಯಾ, ಗಾಜು ಮುಟ್ಟಲಿ. ಗಾಜಿಗೂ ಚಾತುರ್ಮಾಸ ಐತೇನು?"

ಅಪ್ಪ ನಕ್ಕ. ಆಮೇಲೆ ಅಂದ, "ಬ್ಯಾಡ್ರಿ. ಹೊಸಾವು ಹಾಕ್ಯಾನ ನನ್ನ ಮಗ. ಚಲೋ ಒರಸಾಕತ್ತಾವ."

ಕನ್ನಡಿಯಲ್ಲಿ ಅಪ್ಪನ ಮುಖ ನನಗೆ ಕಾಣುತ್ತಿತ್ತು. ಅವನ ಕಣ್ಣು ನೇರ ಮುಂದಕ್ಕಿತ್ತು. ವ್ಯಾಪಾರಿ ತಿರುಗಿ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಅಂದಿನ ಸಾಲಿನಲ್ಲಿ ತಾರೀಖು ಇದೆ, ಆಗಸ್ಟ್ ಹತ್ತೊಂಬತ್ತು, ಊರು ಹುಕ್ಕೇರಿ, ಮಳೆ ಇತ್ತು. ಕೊನೆಯ ಕಾಲಮ್ಮಿನಲ್ಲಿ: "ಹಳೆ ಜೋಡಿಗೂ ಹೊಸದಕ್ಕೂ ಅಪ್ಪನಿಗೆ ಭೇದ ಕಾಣುತ್ತಿಲ್ಲ. ರಬ್ಬರಿನದಲ್ಲ. ಕಣ್ಣಿನದು."

ಅಂದೇ ಹೇಳಬೇಕಿತ್ತು. ಮನೆಗೆ ಬಂದಾಗ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಒಲೆಯ ಹತ್ತಿರ ಕೂತು, ಹುಕ್ಕೇರಿಯ ಮಗಳು ತಂದೆಯನ್ನು ಕಂಡ ಕೂಡಲೇ ಹೇಗೆ ಅತ್ತಳೆಂದು ಹೇಳುತ್ತ ಉಣ್ಣುತ್ತಿದ್ದ. ಆ ಮನುಷ್ಯನಿಂದ ಕಾರು ಕಿತ್ತುಕೊಂಡರೆ ಉಳಿಯುವುದೇನು ಎಂದು ನನಗೆ ಅನ್ನಿಸಿತು. ನಾಳೆ ಹೇಳೋಣ ಅಂದುಕೊಂಡೆ. ಮರುದಿನ ಮೂರನೆಯ ಜೋಡಿಯನ್ನು ತಿರುಗಿ ಹಾಕಿದೆ. ಹಳೆಯದನ್ನು ಮೊಳೆಗೆ ತೂಗಿದೆ. ಆಮೇಲೆ ಅಪ್ಪ ಎಲ್ಲಿಗೆ ಹೊರಟರೂ ಏನಾದರೂ ನೆಪ ಹೇಳಿ ಜೊತೆಗೆ ಹೋಗತೊಡಗಿದೆ. ಎಡಕ್ಕೆ ಕೂತು "ಎಮ್ಮಿ ಬಂತು", "ಸೈಕಲ್ಲು" ಎಂದು ಮಾತಿನ ನಡುವೆ ಅನ್ನುತ್ತಿದ್ದೆ. ಅಪ್ಪ "ಹೂಂ" ಅನ್ನುತ್ತಿದ್ದ. ಅದೇ ಪರಿಹಾರವೆಂದು ನಾನು ನಂಬಿಕೊಂಡೆ. ಎಡ ಮಡ್‌ಗಾರ್ಡಿನ ಮೇಲೆ ಸೆಪ್ಟೆಂಬರಿನಲ್ಲಿ ಎರಡು ಗೀರು, ಅಕ್ಟೋಬರಿನಲ್ಲಿ ಮೂರು. ಅವನ್ನೂ ತಾರೀಖು ಹಾಕಿ ಬರೆದಿದ್ದೇನೆ.

ನವೆಂಬರ್ ಹದಿನಾಲ್ಕಕ್ಕೆ ಮೂಡಲಗಿಯಿಂದ ತಿರುಗಿ ಬರುತ್ತಿದ್ದೆವು. ತುಕ್ಕಾನಟ್ಟಿಯ ಹತ್ತಿರ ಹೊಲದ ದಾರಿಯಿಂದ ಒಂದು ಚಕ್ಕಡಿ ಎಡಗಡೆಯಿಂದ ರಸ್ತೆಗೆ ಏರಿತು. ಸಂಜೆಯ ಬಿಸಿಲು ಎದುರಿಗಿತ್ತು. ನಾನು ಆ ಗಳಿಗೆ ಬಲಕ್ಕೆ ನೋಡುತ್ತಿದ್ದೆ. ತಿರುಗಿದಾಗ ಎತ್ತಿನ ಮುಖ ಕಿಟಕಿಯ ಹತ್ತಿರವೇ ಇತ್ತು. "ಅಪ್ಪಾ, ನಿಲ್ಸು," ಎಂದು ಅವನ ಕೈ ಹಿಡಿದೆ. ಕಾರು ನಿಂತಿತು. ಕೋಡು ಮಡ್‌ಗಾರ್ಡಿಗೆ ತಾಗಿ ತಗಡು ಒಳಗೆ ಹೋಯಿತು. ಎತ್ತಿಗೆ ಏನೂ ಆಗಲಿಲ್ಲ. ಚಕ್ಕಡಿಯವನು ಇಳಿದು ಬಂದು ಎತ್ತಿನ ಕೊರಳು ಸವರಿ, ಆಮೇಲೆ ಅಪ್ಪನ ಕಡೆ ತಿರುಗಿದ.

"ಏನ್ರಿ ಸಾವಕಾರ್ರ, ಎತ್ತ ಕಾಣಲಿಲ್ಲೇನ್ರಿ? ನಾಳಿಂದ ಆನಿ ಹೂಡಿ ತರಲೇನು?"

ಅಪ್ಪ ಕೈ ಮುಗಿದ. "ತಪ್ಪಾತಪಾ. ಗಾಜು ಮಬ್ಬ ಐತಿ," ಎಂದ.

ಚಕ್ಕಡಿಯವನು ಗಾಜನ್ನು ನೋಡಿದ. ಬೆಳಿಗ್ಗೆ ನಾನೇ ತೊಳೆದ ಗಾಜು. ಅವನು ಎತ್ತಿನ ಹಗ್ಗ ಹಿಡಿದು ಹೋದ.

ಮನೆಗೆ ಬಂದು ಇಳಿಯುತ್ತ ಅಪ್ಪ ಅಂದ, "ನಾಳೆ ವೈಪರ ಬದಲ ಮಾಡಿಬಿಡು ತಮ್ಮಾ. ಒಂದ ಹೊಸಾ ಜೋಡಿ ತರಸು."

ಮಳೆಗಾಲ ಮುಗಿದು ತಿಂಗಳಾಗಿತ್ತು. ನಾನು ಒಳಗೆ ಹೋಗಿ ವಹಿ ತಂದೆ. ಕಾರಿನ ಬಾನೆಟ್ಟಿನ ಮೇಲೆ ಇಟ್ಟು, ಜೂನ್ ಒಂಬತ್ತರಿಂದ ಓದತೊಡಗಿದೆ. ತಿಂಗಳ ಕೊನೆಗೆ ಓದುವ ಹಾಗೆಯೇ, ಒಂದೊಂದೇ ಸಾಲು. ಊರು, ಮಳೆ, ಬಂದ ಹೊತ್ತು, ಅಪ್ಪನ ಮಾತು. ಮೂಡಲಗಿಯ ಒಣ ದಿನಗಳನ್ನೂ ಓದಿದೆ. ಅಪ್ಪ ಮಡ್‌ಗಾರ್ಡಿನ ತಗ್ಗಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಆಗಸ್ಟ್ ಹತ್ತೊಂಬತ್ತರ ಕೊನೆಯ ಮಾತನ್ನು ಮಾತ್ರ, ಆ ತಿಂಗಳ ಕೊನೆಗೆ ಮಾಡಿದ ಹಾಗೆಯೇ, ನಾನು ಓದದೆ ದಾಟಿಸಿದೆ.

"ಸಾಕು," ಎಂದ ಅಪ್ಪ. ಕಾರಿನ ಚಾವಿಯನ್ನು ನನ್ನ ಕೈಗೆ ಕೊಡಲಿಲ್ಲ. ತಾನೇ ಪಡಸಾಲೆಗೆ ಹೋಗಿ, ಗೋಡೆಯನ್ನು ಅಂಗೈಯಿಂದ ಹುಡುಕಿ, ವೈಪರ್ ತೂಗಿದ್ದ ಮೊಳೆಗೇ ಅದನ್ನು ಹಾಕಿದ. ಅಂದೂ ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕೂತ, ಆದರೆ ಉಣ್ಣಲಿಲ್ಲ.

ಆ ವಾರವೇ ಘಟಪ್ರಭೆಯಿಂದ ರೈಲು ಹಿಡಿದು ಮಿರಜಕ್ಕೆ ಹೋದೆವು. ಅಲ್ಲಿಯ ಕಣ್ಣಿನ ಡಾಕ್ಟರು ಅಪ್ಪನ ಎದುರಿಗೆ ಕೂತು ಪೆನ್ಸಿಲನ್ನು ಕಿವಿಯ ಪಕ್ಕದಿಂದ ನಿಧಾನವಾಗಿ ಮುಂದೆ ತಂದರು. ಕಂಡಾಗ ಹೇಳಿ ಅಂದರು. ಪೆನ್ಸಿಲು ಬಂತು, ಬಂತು, ಮೂಗಿನ ಹತ್ತಿರ ಬಂತು. ಆಗ ಅಪ್ಪ "ಹಾಂ" ಅಂದ. ಕಣ್ಣಿನ ಒಳಗೆ ಒತ್ತಡ ಏರಿ ನರ ಒಣಗುತ್ತಿದೆ, ಸುತ್ತಲಿನ ನೋಟ ಹೋಗಿದೆ, ನಡುವೆ ಮಾತ್ರ ಸ್ವಲ್ಪ ಉಳಿದಿದೆ ಎಂದು ಡಾಕ್ಟರು ಮರಾಠಿಯಲ್ಲಿ ವಿವರಿಸಿದರು. ಹನಿ ಹಾಕಿದರೆ ಉಳಿದದ್ದು ಕೆಲವು ಕಾಲ ಉಳಿಯಬಹುದು. ಹೋದದ್ದು ಬರುವುದಿಲ್ಲ. ಕತ್ತಲಾದ ಮೇಲೆ ಕಾಣದೆ ತಡವರಿಸುವುದು ಯಾವಾಗ ಶುರುವಾಯಿತು ಎಂದು ಕೇಳಿದರು.

ಅವ್ವ ಸೆರಗಿನ ತುದಿ ಹಿಡಿದು ಹೇಳಿದಳು, "ಅವರು ಸಂಜಿ ಮುಂದ ಹೊರಗ ಇರೂದೇ ಇಲ್ರಿ. ಹೊತ್ತ ಮುಳಗೂದ್ರಾಗ ಮನ್ಯಾಗ ಇರತಾರ. ನಾ ಧರ್ಮದ ಸಲವಾಗಿ ಅಂತ ತಿಳದಿದ್ದೆ." ಅಷ್ಟು ಹೇಳಿ ಅಪ್ಪನ ಕಡೆ ನೋಡಿದಳು. ಅಪ್ಪ ನೆಲ ನೋಡುತ್ತಿದ್ದ.

ನಾನು ವಹಿ ತೆಗೆದುಕೊಟ್ಟೆ. ಡಾಕ್ಟರಿಗೆ ಕನ್ನಡ ಓದಲು ಬರುತ್ತಿತ್ತು. ಪುಟ ತಿರುವುತ್ತ ಹೋಗಿ ಆಗಸ್ಟ್ ಹತ್ತೊಂಬತ್ತರ ಸಾಲಿನ ಮೇಲೆ ಬೆರಳಿಟ್ಟು ನಿಂತರು. ಅಪ್ಪನನ್ನೂ ಅವ್ವನನ್ನೂ ಹೊರಗೆ ಕೂಡಿಸಿ ನನಗೊಬ್ಬನಿಗೇ ಹೇಳಿದರು. ಇಷ್ಟು ಚೊಕ್ಕಾಗಿ ಬರೆದ ರೋಗಿಯ ಮನೆಯವರನ್ನು ತಾವು ನೋಡಿಲ್ಲ. ಇದನ್ನು ಬರೆದ ದಿನವೇ ಕರೆತಂದಿದ್ದರೆ ಎಡಗಣ್ಣಿನಲ್ಲಿ ಇನ್ನಷ್ಟು ಉಳಿಯುತ್ತಿತ್ತು. ಬೈಯಲಿಲ್ಲ. ವಹಿಯನ್ನು ಮುಚ್ಚಿ ಎರಡೂ ಕೈಯಿಂದ ತಿರುಗಿ ಕೊಟ್ಟರು.

ಹನಿಗಳನ್ನು ದಿನಕ್ಕೆ ಮೂರು ಸಲ ನಾನೇ ಹಾಕಿದೆ. ಕಾರು ಮಾರುವುದು ಬೇಡ ಎಂದ ಅಪ್ಪ. ಎಡಕ್ಕೆ ಕೂತು ನನಗೆ ಓಡಿಸುವುದನ್ನು ಕಲಿಸಿದ. ಗೇರಿನ ಸದ್ದು ಕೇಳಿ "ಈಗ ಬದಲ ಮಾಡು" ಎನ್ನುತ್ತಿದ್ದ. ಪರಿಚಯದ ಮನೆಗಳ ಮುಂದೆ ಹಾರ್ನು ಒತ್ತು ಎನ್ನುತ್ತಿದ್ದ. ಯಾರಾದರೂ ಹೊರಗೆ ಬಂದರೇ ಎಂದು ಕೇಳುತ್ತಿದ್ದ. ಬಾರದಿದ್ದರೂ ಒಂದೆರಡು ಸಲ ನಾನು ಬಂದರು ಎಂದೆ. ಅವನು ಅತ್ತ ಕೈ ಎತ್ತಿ ಬೀಸಿದ.

ಮರುವರ್ಷ ಜೂನಿನಲ್ಲಿ ವೈಪರ್ ಬದಲಾಯಿಸುವ ಸಮಯ ಬಂತು. ಅಷ್ಟರಲ್ಲಿ ಅಪ್ಪನಿಗೆ ಬೆಳಕು ಯಾವುದು, ನೆರಳು ಯಾವುದು ಎಂಬಷ್ಟೇ ಕಾಣುತ್ತಿತ್ತು. ತಾನೇ ಹಾಕುತ್ತೇನೆ ಎಂದು ಹಟ ಹಿಡಿದ. ಬೇವಿನ ಮರದ ಕೆಳಗೆ ನಾನು ಗೋಣಿಚೀಲ ಹಾಸಿಕೊಟ್ಟೆ. ಕಡ್ಡಿ ಎತ್ತಿದ, ಉಗುರಿನಿಂದ ತಗಡಿನ ನಾಲಿಗೆ ಒತ್ತಿದ, ಜಗ್ಗಿದ. ನನಗಿಂತ ಬೇಗ. ಟಕ್, ಟಕ್. ಆಮೇಲೆ ಮೊಳೆಗೆ ತೂಗಿದ ಹಳೆಯವನ್ನೆಲ್ಲ ತಾ ಎಂದ. ತಂದುಕೊಟ್ಟೆ. ಒಂದೊಂದರ ಮೇಲೂ ಹೆಬ್ಬೆರಳು ಎಳೆಯುತ್ತ ಹೋಗಿ ಒಂದು ಬ್ಲೇಡಿನ ಮೇಲೆ ನಿಲ್ಲಿಸಿದ.

"ಇದ ಅಲ್ಲ? ಹುಕ್ಕೇರಿಗೆ ಹೋದ ದಿವಸ ಹಾಕಿದ್ದು?"

ನಾನು ಗೋಣಿಚೀಲ ಮಡಿಸತೊಡಗಿದೆ.

"ಕಾಕಾ ತಂಬಾಕ ತಿಕ್ಕೂಣು ಅಂದ ದಿವಸ. ಸಪ್ಪಳಾ ಕೇಳಲಿಲ್ಲ ಅಂತ ತಿಳದಿದ್ದೇನು? ಕಡ್ಡಿ ಹೋಗಿ ಬರೂದ್ರಾಗ ತಿಳೀತು ನನಗ, ಹಳೇವು ಅಂತ."

"ಮತ್ತ ಚಲೋ ಒರಸಾಕತ್ತಾವ ಅಂತ ಯಾಕಂದಿ ಅಪ್ಪಾ?"

ಅಪ್ಪ ಬ್ಲೇಡನ್ನು ಮೊಣಕಾಲ ಮೇಲೆ ಇಟ್ಟುಕೊಂಡ. "ಹೊಸಾವ ತಗದು ಹಳೇವ ಹಾಕ್ಯಾನ ಅಂದ್ರ ನನ್ನ ಪರೀಕ್ಷಾ ಮಾಡಾಕತ್ತಾನ ಅಂತ ತಿಳೀತು. ನಿನಗ ಗೊತ್ತಾಗೇತಿ ಅಂತ ತಿಳೀತು. ನಿನಗ ಖಾತ್ರಿ ಆಗಲಿ ಅಂತ ಹಂಗಂದೆ. ಇವತ್ತ ಹೇಳತಾನ, ನಾಳೆ ಹೇಳತಾನ ಅಂತ ಕಾದೆ."

"ನೀನ ಹೇಳಬೇಕಿತ್ತಲ್ಲ."

"ನಾ ಹೇಳಿದ್ರ ಕಾರ ನಾನ ಬಿಟ್ಟಂಗ ಆಕ್ಕಿತ್ತು. ಅದು ನನ್ನ ಕೈಲೆ ಆಗಲಿಲ್ಲೊ ತಮ್ಮಾ. ನೀ ಬಿಡಸಿದ್ರ ಬಿಟ್ಟಿದ್ದೆ."

ಅವ್ವ ಒಳಗಿನಿಂದ ಊಟಕ್ಕೆ ಕರೆದಳು. ಬಿಸಿಲು ಗೋಡೆಯಿಂದ ಇನ್ನೂ ಇಳಿದಿರಲಿಲ್ಲ. ಅಪ್ಪ ಎದ್ದು ನನ್ನ ಭುಜದ ಮೇಲೆ ಕೈ ಇಟ್ಟ, ನಾವು ಒಳಗೆ ಹೋದೆವು.

ಅಂದು ಊಟವಾದ ಮೇಲೆ ವಹಿ ತೆಗೆದು ಎಣಿಸಿದೆ. ಆಗಸ್ಟ್ ಹತ್ತೊಂಬತ್ತರಿಂದ ನವೆಂಬರ್ ಹದಿನಾಲ್ಕಕ್ಕೆ ಎಂಬತ್ತೇಳು ದಿನ. ಅಷ್ಟು ದಿನ ಒಂದೇ ಕಾರಿನ ಮುಂದಿನ ಎರಡು ಸೀಟಿನಲ್ಲಿ ಅಕ್ಕಪಕ್ಕ ಕೂತು ನಾನು ಅವನ ಮನಸ್ಸು ನೋಯಬಾರದೆಂದು ಸುಮ್ಮನಿದ್ದೆ, ಅವನು ನನ್ನ ಬಾಯಿಂದ ಬರಲೆಂದು ಸುಮ್ಮನಿದ್ದ. "ಎಮ್ಮಿ ಬಂತು," "ಹೂಂ," ಎಂದುಕೊಂಡು ಮೂಡಲಗಿಗೆ ಹೋಗಿ ಬಂದೆವು, ಹುಕ್ಕೇರಿಗೆ ಹೋಗಿ ಬಂದೆವು. ಮತ್ತೊಮ್ಮೆ ಎಣಿಸಿದೆ. ಎಂಬತ್ತೇಳೇ ಬಂತು.